ಬಿ.ಕಾಂ. ಆಗಿದೆ, ಅನುಭವವಿಲ್ಲ: ಆಫೀಸ್ ಕೆಲಸಕ್ಕೆ ಎಲ್ಲಿಂದ ಆರಂಭಿಸಲಿ?

ತುಂಗಭದ್ರೆ

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನವಳು. 2023ರಲ್ಲಿ ಬಿ.ಕಾಂ. ಮುಗಿಸಿದೆ. ಅದೇ ವರ್ಷ ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಯನ್ನೂ ಆಸ್ಪತ್ರೆಯನ್ನೂ ನಾನೇ ನೋಡಿಕೊಳ್ಳಬೇಕಾಯಿತು. ನಡುವೆ ಎಸ್‌ಡಿಎ ಪರೀಕ್ಷೆಗೆ ಓದಿದೆ. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕರೆದಾಗ ಅದನ್ನೂ ಬರೆದೆ, ಆಯ್ಕೆಯಾಗಲಿಲ್ಲ. ಯುವನಿಧಿಯ ನಿರುದ್ಯೋಗ ಭತ್ಯೆ ₹3,000 ಬರುತ್ತಿತ್ತು, ಅದರ ಎರಡು ವರ್ಷದ ಅವಧಿಯೂ ಮುಗಿದಿದೆ.

ಅನುಭವ ಎಂದು ಹೇಳಿಕೊಳ್ಳಲು ಇರುವುದು ದೀಪಾವಳಿ ಸಮಯದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕಿದ್ದು ಮಾತ್ರ. ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಕೋರ್ಸಿನ ಪ್ರಮಾಣಪತ್ರವಿದೆ. ಮೊಬೈಲಿನಲ್ಲಿ ಬರುವ ಜಾಹೀರಾತುಗಳೆಲ್ಲ ಎರಡು ವರ್ಷದ ಅನುಭವ ಕೇಳುತ್ತವೆ. ಅನುಭವ ಬೇಡ ಎನ್ನುವವೆಲ್ಲ ಟೆಲಿಕಾಲಿಂಗ್ ಕೆಲಸಗಳು. ಅರ್ಜಿ ಹಾಕಿದ ಕಡೆಗಳಿಂದ ಉತ್ತರವೇ ಇಲ್ಲ. ಬೆಂಗಳೂರಿಗೆ ಹೋದರೆ ಮಾತ್ರ ಕೆಲಸ ಎಂದು ಮನೆಯವರು ಹೇಳುತ್ತಿದ್ದಾರೆ. ಅಮ್ಮನನ್ನು ಬಿಟ್ಟು ಅಷ್ಟು ದೂರ ಹೋಗುವುದು ನನಗೆ ಕಷ್ಟ. ಲೆಕ್ಕಪತ್ರ ಸಹಾಯಕಿ, ಫ್ರಂಟ್ ಆಫೀಸ್, ಡೇಟಾ ಎಂಟ್ರಿ, ಯಾವುದಾದರೂ ಸರಿ. ಎಲ್ಲಿಂದ ಆರಂಭಿಸಬೇಕು?

ಕಿರ್ದಿಖಾತೆ_ಹುಬ್ಬಳ್ಳಿ

ತಂಗಿ, ಹುಬ್ಬಳ್ಳಿಯಲ್ಲಿ ಜಿಎಸ್‌ಟಿ, ಆದಾಯ ತೆರಿಗೆಯ ಕೆಲಸ ಮಾಡುವ ಸಣ್ಣ ಕಚೇರಿ ನನ್ನದು. ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಡೆಯಿಂದ ಹೇಳುತ್ತೇನೆ.

ನನ್ನಂಥವರು ಮೊಬೈಲ್ ಆ್ಯಪ್‌ನಲ್ಲಿ ಜಾಹೀರಾತು ಕೊಡುವುದೇ ಅಪರೂಪ. ಕೆಲಸಕ್ಕೆ ಒಬ್ಬರು ಬೇಕಾದರೆ ಪಕ್ಕದ ಕಚೇರಿಯವರನ್ನು ಕೇಳುತ್ತೇವೆ, ಕಕ್ಷಿದಾರರನ್ನು ಕೇಳುತ್ತೇವೆ, ಇಲ್ಲವೇ ಟ್ಯಾಲಿ ಕಲಿಸುವ ಮೇಷ್ಟ್ರಿಗೆ ಫೋನ್ ಮಾಡುತ್ತೇವೆ. ಜಾಹೀರಾತು ನೋಡಿಯೇ ಅರ್ಜಿ ಹಾಕುತ್ತಿದ್ದರೆ ಈ ಕೆಲಸಗಳು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಅನುಭವದ ವಿಷಯಕ್ಕೆ ಬಂದರೆ, ನಾನು ಎಷ್ಟು ವರ್ಷ ಎಂದು ಎಣಿಸುವುದಿಲ್ಲ. ಕಚೇರಿಯ ಒಂದು ತಿಂಗಳು ಹೇಗೆ ಉರುಳುತ್ತದೆ ಎಂಬುದು ಗೊತ್ತಿದೆಯೇ ಎಂದು ನೋಡುತ್ತೇನೆ. 7ನೇ ತಾರೀಖಿಗೆ ಟಿಡಿಎಸ್, ಅಂದರೆ ಪಾವತಿಯಲ್ಲೇ ಮುರಿದುಕೊಂಡ ತೆರಿಗೆ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಸರಬರಾಜುದಾರರು ತೋರಿಸಿದ ನಮ್ಮ ಖರೀದಿಗಳ ಪಟ್ಟಿ ಬರುತ್ತದೆ. ನಮ್ಮ ಖರೀದಿ ಬಿಲ್ಲುಗಳನ್ನು ಅದರೊಂದಿಗೆ ಹೋಲಿಸಿ, ಯಾವ ಸರಬರಾಜುದಾರ ತನ್ನ ರಿಟರ್ನಿನಲ್ಲಿ ನಮ್ಮ ಬಿಲ್ ತೋರಿಸಿಲ್ಲ ಎಂದು ಪಟ್ಟಿ ಮಾಡಬೇಕು. 15ಕ್ಕೆ ನೌಕರರ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ). 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್. ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ, ಬಾಕಿದಾರರ ಪಟ್ಟಿ. ಹೊಸಬರು ಹೆಚ್ಚಿನವರಿಗೆ ಟ್ಯಾಲಿಯಲ್ಲಿ ಕಂಪನಿ ರಚಿಸುವುದು, ಲಾಭ ನಷ್ಟದ ಪಟ್ಟಿ ತೆಗೆಯುವುದು ಗೊತ್ತು. ಕಾಗದದ ಬಿಲ್ ಕೈಗೆ ಕೊಟ್ಟರೆ ಅದರಲ್ಲಿ ರಾಜ್ಯದೊಳಗಿನ ವ್ಯಾಪಾರದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಬೇಕೋ ಹೊರರಾಜ್ಯದ ವ್ಯಾಪಾರದ ಐಜಿಎಸ್‌ಟಿಯೋ ಎಂದು ನೋಡಿ ಹೇಳಲು ತಡವರಿಸುತ್ತಾರೆ.

ಅಭ್ಯಾಸಕ್ಕೆ ಹಣ ಬೇಕಿಲ್ಲ. ಟ್ಯಾಲಿಯ ಶೈಕ್ಷಣಿಕ ಆವೃತ್ತಿ ಉಚಿತ. ಅದು ತಿಂಗಳ 1, 2 ಮತ್ತು 31ನೇ ತಾರೀಖಿನ ನಮೂದುಗಳಿಗೆ ಮಾತ್ರ ಅವಕಾಶ ಕೊಡುತ್ತದೆ, ಕಲಿಯಲು ಅಷ್ಟು ಸಾಕು. ಪರಿಚಯದ ಅಂಗಡಿಯವರಿಂದ ಒಂದು ತಿಂಗಳ ಹಳೆಯ ಖರೀದಿ, ಮಾರಾಟದ ಬಿಲ್ಲುಗಳನ್ನು ಕೇಳಿ ತನ್ನಿ. ಎಲ್ಲವನ್ನೂ ನಮೂದಿಸಿ, ಬ್ಯಾಂಕ್ ತಾಳೆ ಮಾಡಿ, ತೆರಿಗೆ ಎಷ್ಟು ಬಂತು ಎಂದು ಅವರು ಕಟ್ಟಿದ ಮೊತ್ತದೊಂದಿಗೆ ಹೋಲಿಸಿ. ಎಲ್ಲಿ ವ್ಯತ್ಯಾಸ ಬಂತು ಎಂದು ಹುಡುಕುವಾಗಲೇ ಕೆಲಸ ಕೈಗೆ ಹತ್ತುವುದು.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಆಡಿಟರ್ ಕಚೇರಿಗೆ ಕೆಲಸ ಕೇಳಲು 18, 19ನೇ ತಾರೀಖಿಗೆ ಹೋಗಬೇಡಿ. ಆಗ ನಮಗೆ ತಲೆ ಎತ್ತಲೂ ಸಮಯವಿರುವುದಿಲ್ಲ. ಬಯೋಡೇಟಾ ಇಟ್ಟು ಹೋಗಿ ಎನ್ನುತ್ತೇವೆ, ಅದು ಕಡತಗಳ ಕೆಳಗೆ ಸೇರಿಬಿಡುತ್ತದೆ. 23ರಿಂದ 28ರ ನಡುವೆ, ಮಧ್ಯಾಹ್ನ ಊಟದ ನಂತರ ಹೋಗಿ. ಕೂರಿಸಿ ಮಾತನಾಡುತ್ತಾರೆ. ಜುಲೈ ಕೊನೆಯ ವಾರ ಮತ್ತು ಸೆಪ್ಟೆಂಬರ್ ಮಾತ್ರ ಬೇಡ.

ಪೀಣ್ಯದಿಂದ

ನಾನು ಪೀಣ್ಯದ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ಮೇಲಿನವರು ಹೇಳಿದ್ದು ಸಣ್ಣ ಕಚೇರಿಗಳ ಮಟ್ಟಿಗೆ ನಿಜ. ನಮ್ಮಂಥ ಕಡೆ ಬಯೋಡೇಟಾ ಇಲ್ಲದೆ ಒಳಗೆ ಬಿಡುವುದಿಲ್ಲ.

ಮೇಡಂ, ನಿಮ್ಮ ಬಯೋಡೇಟಾದಲ್ಲಿ ‘ಶ್ರಮಜೀವಿ’, ‘ತಂಡದೊಂದಿಗೆ ಹೊಂದಿಕೊಳ್ಳುವವಳು’ ಎಂಬ ಸಾಲುಗಳಿದ್ದರೆ ತೆಗೆದುಬಿಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ಅದರ ಬದಲು ಏನು ಮಾಡಬಲ್ಲಿರಿ ಎಂದು ಕೆಲಸದ ಮಾತಿನಲ್ಲಿ ಬರೆಯಿರಿ: ಖರೀದಿ ಮತ್ತು ಮಾರಾಟ ವೋಚರ್ ನಮೂದು, ಬ್ಯಾಂಕ್ ತಾಳೆ, ಸರಕು ಸಾಗಣೆಯ ಇ-ವೇ ಬಿಲ್ ಸಿದ್ಧತೆ, ಎಕ್ಸೆಲ್‌ನಲ್ಲಿ ವಿ-ಲುಕಪ್ ಮತ್ತು ಪಿವೋಟ್, ಕನ್ನಡ ಹಾಗೂ ಇಂಗ್ಲಿಷ್ ಟೈಪಿಂಗ್. ಬರುವುದನ್ನು ಮಾತ್ರ ಬರೆಯಿರಿ, ಏಕೆಂದರೆ ಅಲ್ಲಿಯೇ ಕಂಪ್ಯೂಟರ್ ಮುಂದೆ ಕೂರಿಸುತ್ತೇವೆ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೆಲಸವನ್ನು ಬಿಡಬೇಡಿ. ಹಬ್ಬದ ನೂಕುನುಗ್ಗಲಿನಲ್ಲಿ ನಗದು, ಯುಪಿಐ, ಕಾರ್ಡ್ ಮೂರನ್ನೂ ರಾತ್ರಿ ಲೆಕ್ಕ ಕೂಡಿಸಿ ಒಪ್ಪಿಸಿದ್ದರೆ ಅದು ಅನುಭವವೇ.

ನಡುವಿನ ಖಾಲಿ ವರ್ಷಗಳ ಬಗ್ಗೆ ಬಹಳ ಹೆದರಿದ್ದೀರಿ ಎಂದು ಕಾಣುತ್ತದೆ. ಒಂದೇ ಸಾಲು ಸಾಕು: ‘2023ರಿಂದ ತಾಯಿಯ ಆರೈಕೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆ, ಈಗ ಪೂರ್ಣಾವಧಿ ಕೆಲಸಕ್ಕೆ ಲಭ್ಯ.’ ನನಗೆ ತಿಳಿಯಬೇಕಿರುವುದು ಆ ಕೊನೆಯ ಭಾಗ. ಮೂರು ತಿಂಗಳಲ್ಲಿ ಮತ್ತೊಂದು ಪರೀಕ್ಷೆ ಬಂತೆಂದು ಬಿಟ್ಟು ಹೋಗುವಿರೋ ಎಂಬುದೇ ಸಂದರ್ಶನ ಮಾಡುವವರ ನಿಜವಾದ ಅಳುಕು. ಅದಕ್ಕೆ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿ.

ಅಪರಿಚಿತ ಸಂಖ್ಯೆಯ ಕರೆಗಳನ್ನು ಈ ದಿನಗಳಲ್ಲಿ ದಯವಿಟ್ಟು ಎತ್ತಿ. ಎರಡು ಸಲ ಕರೆ ಮಾಡಿ ಸಿಗದಿದ್ದರೆ ನಾವು ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತೇವೆ.

ಮಲೆನಾಡ_ಹುಡುಗ

ನಾನು ಬಂದ ದಾರಿ ಬೇರೆ. ನ್ಯಾಟ್ಸ್ ಎಂಬ ರಾಷ್ಟ್ರೀಯ ಅಪ್ರೆಂಟಿಸ್ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿ, ಒಂದು ವರ್ಷ ಕಚೇರಿ ಸಹಾಯಕನಾಗಿ ತರಬೇತಿ ಪಡೆದೆ. ಅಪ್ರೆಂಟಿಸ್ ಎಂದರೆ ಐಟಿಐ, ಡಿಪ್ಲೊಮಾದವರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಆದವರಿಗೂ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪದವೀಧರರಿಗೆ ತಿಂಗಳಿಗೆ ಕನಿಷ್ಠ ₹9,000 ಭತ್ಯೆ ನಿಗದಿಯಾಯಿತು. ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ನಿಯಮವಿದೆ. ಕೊನೆಯಲ್ಲಿ ಚೆನ್ನೈನ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯಿಂದ ಪ್ರಮಾಣಪತ್ರ ಬರುತ್ತದೆ.

ವರ್ಷದ ನಂತರ ಅಲ್ಲಿಯೇ ಇರಿಸಿಕೊಳ್ಳುವ ಬಾಧ್ಯತೆ ಅವರಿಗಿಲ್ಲ, ನನ್ನನ್ನೂ ಇರಿಸಿಕೊಳ್ಳಲಿಲ್ಲ. ಆದರೆ ಮುಂದಿನ ಸಂದರ್ಶನದಲ್ಲಿ ‘ಅನುಭವ ಇದೆಯೇ’ ಎಂಬ ಪ್ರಶ್ನೆಗೆ ಕೈಯಲ್ಲೊಂದು ಕಾಗದವಿತ್ತು. ಪದವಿ ಮುಗಿದು ಎಷ್ಟು ವರ್ಷದೊಳಗೆ ಸೇರಬೇಕೆಂಬ ಮಿತಿಯೂ ಇದೆ, ಆದ್ದರಿಂದ ತಡ ಮಾಡದೆ ನೋಂದಾಯಿಸಿ.

ಸಹ್ಯಾದ್ರಿ_ಅಕ್ಕ

ತಂಗಿ, ‘ಡೇಟಾ ಎಂಟ್ರಿ ಯಾವುದಾದರೂ ಸರಿ’ ಎಂದು ಬರೆದಿದ್ದೀರಿ, ಅದನ್ನು ಓದಿ ಎದೆ ಧಸಕ್ಕೆಂದಿತು. ನನ್ನ ಚಿಕ್ಕಪ್ಪನ ಮಗ ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದ್ದ. ಆನ್‌ಲೈನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡರು, ನೂರಾರು ಫಾರ್ಮುಗಳನ್ನು ತುಂಬಲು ಕೊಟ್ಟರು. ಗಡುವು ಮುಗಿದ ಮೇಲೆ ‘ನಿಮ್ಮ ಕೆಲಸದಲ್ಲಿ ತಪ್ಪುಗಳಿವೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೋರ್ಟ್ ನೋಟಿಸ್’ ಎಂದು ವಕೀಲರ ಹೆಸರಿನಲ್ಲಿ ಕರೆಗಳು ಬರತೊಡಗಿದವು. ಹುಡುಗ ಊಟ ಬಿಟ್ಟು ಕುಳಿತಿದ್ದ. ಕೊನೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಹಣ ಕಳುಹಿಸಲಿಲ್ಲ, ಕರೆಗಳೂ ನಿಂತವು.

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ, ಸಮವಸ್ತ್ರದ ಹಣ, ಹೆಸರು ಏನೇ ಇರಲಿ, ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಇಡಬೇಡಿ. ತೋರಿಸಿ ವಾಪಸ್ ತನ್ನಿ, ಪ್ರತಿ ಕೊಡಿ. ಕೇಂದ್ರ ಸರ್ಕಾರದ ಎನ್‌ಸಿಎಸ್, ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್ ಎಂಬ ಉದ್ಯೋಗ ಪೋರ್ಟಲ್‌ಗಳಲ್ಲಿ ನೋಂದಣಿ ಉಚಿತ. ಅವುಗಳ ಹೆಸರಿನಲ್ಲಿಯೂ ಹಣ ಕೇಳುವವರಿದ್ದಾರೆ, ಎಚ್ಚರ.

ತುಂಗಭದ್ರೆ

ಎಲ್ಲರಿಗೂ ಧನ್ಯವಾದ. ಸಹ್ಯಾದ್ರಿ ಅಕ್ಕ, ಅಂಥದ್ದೇ ಒಂದು ಒಪ್ಪಂದ ನನ್ನ ಮೊಬೈಲಿಗೆ ಬಂದಿತ್ತು, ಅಳಿಸಿಹಾಕಿದೆ.

ಹುಬ್ಬಳ್ಳಿಯ ಅಣ್ಣ ಹೇಳಿದಂತೆ ಹಾರ್ಡ್‌ವೇರ್ ಅಂಗಡಿಯ ಕಾಕಾ ಒಂದು ತಿಂಗಳ ಬಿಲ್ಲುಗಳನ್ನು ಕೊಟ್ಟಿದ್ದಾರೆ, ನಮೂದು ಆರಂಭಿಸಿದ್ದೇನೆ. ನನ್ನ ಇನ್ನೊಂದು ಚಿಂತೆ ಇಂಗ್ಲಿಷ್. ಓದಿದರೆ ಅರ್ಥವಾಗುತ್ತದೆ, ಮಾತನಾಡಲು ಬಾಯಿ ಕಟ್ಟುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಕನ್ನಡ ಟೈಪಿಂಗ್ ಮಾತ್ರ ಚೆನ್ನಾಗಿ ಬರುತ್ತದೆ. ಅದಕ್ಕೆ ಎಲ್ಲಿಯಾದರೂ ಬೆಲೆ ಇದೆಯೇ?

ನಿವೃತ್ತ_ಅಧೀಕ್ಷಕ_ಗದಗ

ಇದೆಯಮ್ಮ, ಖಂಡಿತ ಇದೆ. ಮೂರು ದಶಕ ಸರ್ಕಾರಿ ಕಚೇರಿಯಲ್ಲಿದ್ದವನು ನಾನು. ತಪ್ಪಿಲ್ಲದೆ ಕನ್ನಡ ಬೆರಳಚ್ಚು ಮಾಡಿ, ಒಂದು ಪತ್ರವನ್ನು ಸ್ವತಃ ರಚಿಸಬಲ್ಲ ಹುಡುಗರು ಸಿಗುವುದು ಈಗ ಕಷ್ಟ. ಮೊದಲು ಬೆರಳಚ್ಚಿನ ಪರೀಕ್ಷೆಗೆ ಕಟ್ಟಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಜೂನಿಯರ್, ಸೀನಿಯರ್ ಪ್ರಮಾಣಪತ್ರಗಳು ಸರ್ಕಾರಿ ಬೆರಳಚ್ಚುಗಾರ ಹುದ್ದೆಗೂ ಬೇಕು, ಖಾಸಗಿಯಲ್ಲೂ ತೋರಿಸಬಹುದು. ನುಡಿ ತಂತ್ರಾಂಶದ ಜೊತೆಗೆ ಯುನಿಕೋಡ್‌ನಲ್ಲೂ ಕೈ ಪಳಗಿಸಿ. ಹಳೆಯ ಕಡತ ಒಂದರಲ್ಲಿರುತ್ತದೆ, ಪೋರ್ಟಲ್ ಇನ್ನೊಂದನ್ನು ಕೇಳುತ್ತದೆ.

ಪತ್ತಿನ ಸಹಕಾರ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳನ್ನು ಯಾರೂ ಹೆಸರಿಸಲಿಲ್ಲ. ನಮ್ಮ ಭಾಗದ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಇವೆ. ಠೇವಣಿ, ಪಿಗ್ಮಿ, ಸಾಲದ ಅರ್ಜಿ, ವಾರ್ಷಿಕ ಮಹಾಸಭೆಯ ನೋಟಿಸು, ನಡಾವಳಿ ಎಲ್ಲವೂ ಕನ್ನಡದಲ್ಲಿ. (1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ ಕಣಗಿನಹಾಳ ನಮ್ಮ ಗದಗದ ಪಕ್ಕದ ಊರು. ಹೇಳದೆ ಇರಲಾಗಲಿಲ್ಲ.) ಅಲ್ಲಿ ಗುಮಾಸ್ತರ ಜಾಗ ಖಾಲಿಯಾದಾಗ ಸೂಚನಾ ಫಲಕದಲ್ಲಿ ಚೀಟಿ ಅಂಟಿಸುತ್ತಾರೆ, ಇಲ್ಲವೇ ಸ್ಥಳೀಯ ಪತ್ರಿಕೆಯಲ್ಲಿ ಸಣ್ಣದಾಗಿ ಹಾಕುತ್ತಾರೆ. ಕಾರ್ಯದರ್ಶಿಯನ್ನು ನೇರವಾಗಿ ಕಂಡು ಅರ್ಜಿ ಕೊಡಿ. ಅರ್ಜಿಯನ್ನು ನಿಮ್ಮದೇ ಕನ್ನಡದಲ್ಲಿ, ವಿಷಯ, ಉಲ್ಲೇಖ ಸಮೇತ ಬರೆಯಿರಿ. ಆ ಕಾಗದವೇ ನಿಮ್ಮ ಪರೀಕ್ಷೆ.

ಪೀಣ್ಯದಿಂದ

ಇಂಗ್ಲಿಷ್ ಬಗ್ಗೆ ಒಂದು ಮಾತು. ಲೆಕ್ಕಪತ್ರ ಸಹಾಯಕಿ ಭಾಷಣ ಮಾಡಬೇಕಿಲ್ಲ. ಕಚೇರಿಯಲ್ಲಿ ಪದೇ ಪದೇ ಬರೆಯುವ ಪತ್ರಗಳು ಹತ್ತು ಬಗೆಯವು ಇದ್ದರೆ ಹೆಚ್ಚು: ಬಾಕಿ ಹಣದ ನೆನಪೋಲೆ, ಲೆಡ್ಜರ್ ಪ್ರತಿ ಕೇಳುವುದು, ಸರಕು ರವಾನೆಯ ವಿವರ, ಬಿಲ್ ತಿದ್ದುಪಡಿಯ ಕೋರಿಕೆ. ಪ್ರತಿಯೊಂದೂ ನಾಲ್ಕು ಸಾಲು. ಅವನ್ನು ಬರೆದು, ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಿ. ಎಕ್ಸೆಲ್‌ಗೆ ಬದಲಾಗಿ ಲಿಬ್ರೆ ಆಫೀಸ್ ಕ್ಯಾಲ್ಕ್ ಕಲಿಯುವುದಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೇ ಉಚಿತವಾಗಿ ಸಿಗುತ್ತವೆ. ಸೂತ್ರಗಳು ಬಹುಮಟ್ಟಿಗೆ ಒಂದೇ.

ಬೆಂಗಳೂರಿಗೆ ಬರುವ ಬಗ್ಗೆ: ಇಲ್ಲಿ ಕೆಲಸ ಹೆಚ್ಚು ಎಂಬುದು ನಿಜ. ಹೊಸಬರಿಗೆ ನಮ್ಮಲ್ಲಿ ₹16,000 ಕೊಡುತ್ತೇವೆ. ಪಿಜಿಯಲ್ಲಿ ಹಂಚಿಕೊಂಡ ಕೋಣೆಗೇ ಅದರಲ್ಲಿ ಅರ್ಧ ಹೋಗುತ್ತದೆ. ಊರಲ್ಲೇ ಒಂದು ವರ್ಷ ದುಡಿದು, ಅನುಭವ ಪತ್ರ ಹಿಡಿದು ಬಂದವರಿಗೆ ಇಲ್ಲಿ ಮಾತನಾಡುವ ಬಲ ಇರುತ್ತದೆ.

ಬ್ಯಾಡಗಿಯವ

ಊರಲ್ಲಿ ಕೆಲಸವಿಲ್ಲ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ರಾಣೆಬೆನ್ನೂರು ಎಂದರೆ ಬೀಜದ ಕಂಪನಿಗಳ ಊರು. ಒಂದೊಂದು ಕಂಪನಿಗೂ ಕಚೇರಿ ಇದೆ, ಗೋದಾಮು ಇದೆ, ಡೀಲರುಗಳ ಲೆಕ್ಕವಿದೆ, ಬೀಜೋತ್ಪಾದನೆ ಮಾಡುವ ರೈತರಿಗೆ ಹಣ ಪಾವತಿಯ ಪಟ್ಟಿ ಇದೆ. ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಗಳು, ಶೀತಲಗೃಹಗಳು. ಸುಗ್ಗಿಯ ದಿನಗಳಲ್ಲಿ ಲಾಟ್ ಪಟ್ಟಿ, ತೂಕದ ಚೀಟಿ, ರೈತರ ಪಾವತಿ ಬರೆಯಲು ಕೈಗಳು ಸಾಲುವುದಿಲ್ಲ. ಆಚೆಗೆ ಕುಮಾರಪಟ್ಟಣ, ಹರಿಹರ, ದಾವಣಗೆರೆ. ಶಕ್ತಿ ಯೋಜನೆಯಿಂದ ನಿಮಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ತಂಗಿ, ಒಂದು ವಾರ ಈ ಕಚೇರಿಗಳ ಬಾಗಿಲು ತಟ್ಟಿ ಬನ್ನಿ. ‘ಕೆಲಸ ಇದೆಯೇ’ ಎಂದು ಕೇಳಬೇಡಿ, ‘ಇಲ್ಲ’ ಎನ್ನುವುದು ಸುಲಭ. ‘ಟ್ಯಾಲಿ ನಮೂದು ಮಾಡಬಲ್ಲೆ, ಹತ್ತು ಬಿಲ್ ಕೊಡಿ, ಈಗಲೇ ಹಾಕಿ ತೋರಿಸುತ್ತೇನೆ’ ಎನ್ನಿ.

ಓದುಗ_ಧಾರವಾಡ

ಎಲ್ಲರೂ ಖಾಸಗಿಯತ್ತಲೇ ತಳ್ಳುತ್ತಿದ್ದೀರಿ. ಇಷ್ಟು ವರ್ಷ ಓದಿದ್ದು ವ್ಯರ್ಥವೇ? ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಒಂದು ವರ್ಷ ಗಟ್ಟಿಯಾಗಿ ಓದಿದರೆ ಜೀವನಪೂರ್ತಿ ನೆಮ್ಮದಿ.

ಕಿರ್ದಿಖಾತೆ_ಹುಬ್ಬಳ್ಳಿ

ಓದುವುದು ಬೇಡ ಎಂದು ಯಾರೂ ಹೇಳಿಲ್ಲ. ಆದರೆ ಮನೆಯಲ್ಲಿ ಔಷಧದ ಖರ್ಚಿದೆ, ಭತ್ಯೆ ನಿಂತಿದೆ. ಧಾರವಾಡದ ಕೋಣೆಗಳಲ್ಲಿ ‘ಇನ್ನೊಂದು ವರ್ಷ’ ಎನ್ನುತ್ತಲೇ ವಯೋಮಿತಿ ದಾಟಿದವರನ್ನು ಬಹಳ ಕಂಡಿದ್ದೇನೆ, ನೋವಾಗುತ್ತದೆ. ಕೆಲಸ ಮಾಡುತ್ತಲೇ ಬೆಳಿಗ್ಗೆ ಎರಡು ಗಂಟೆ ಓದಿ ಬ್ಯಾಂಕಿಗೆ ಸೇರಿದವರೂ ನನ್ನ ಕಚೇರಿಯಿಂದಲೇ ಹೋಗಿದ್ದಾರೆ. ಕೈಯಲ್ಲಿ ಸಂಬಳವಿದ್ದಾಗ ಓದಿಗೂ ಧೈರ್ಯ ಬರುತ್ತದೆ.

ತುಂಗಭದ್ರೆ

ಒಂದು ಸುದ್ದಿ, ಒಂದು ಗೊಂದಲ. ಎರಡು ಕಡೆ ಬರಲು ಹೇಳಿದ್ದಾರೆ. ಒಂದು ಆಡಿಟರ್ ಕಚೇರಿ: ₹8,000, ಬಾಯಿಮಾತಿನ ನೇಮಕ, ಪಿಎಫ್ ಇಲ್ಲ. ಇನ್ನೊಂದು ಬೀಜದ ಕಂಪನಿಯ ಕಚೇರಿ: ₹12,000, ಪಿಎಫ್, ಇಎಸ್‌ಐ ಇದೆ, ನೇಮಕಾತಿ ಪತ್ರ ಕೊಡುತ್ತಾರೆ, ಕೆಲಸ ಸ್ಟಾಕ್ ಮತ್ತು ಡೀಲರ್ ಬಿಲ್ಲಿಂಗ್. ಎರಡೂ ಕಡೆ ಬಿಲ್ ನಮೂದಿಸಿ ತೋರಿಸಿದೆ. ಯಾವುದಕ್ಕೆ ಒಪ್ಪಲಿ?

ಕಿರ್ದಿಖಾತೆ_ಹುಬ್ಬಳ್ಳಿ

ಬಹಳ ಸಂತೋಷವಾಯಿತು! ನನ್ನ ಮತ ಆಡಿಟರ್ ಕಚೇರಿಗೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ ಕಂಪನಿಯಲ್ಲಿ ನಿಮಗೆ ತೆರಿಗೆಯ ಕೆಲಸ ಅಷ್ಟಾಗಿ ಸಿಗುವುದಿಲ್ಲ. ಆಡಿಟರ್ ಬಳಿ ಹೋಟೆಲ್, ಗುತ್ತಿಗೆದಾರ, ಔಷಧದ ಅಂಗಡಿ, ಅಕ್ಕಿ ಗಿರಣಿ ಎಲ್ಲರ ಲೆಕ್ಕವೂ ವರ್ಷದೊಳಗೆ ಕೈ ದಾಟಿ ಹೋಗುತ್ತದೆ. ಆ ಕಲಿಕೆಗೆ ಮುಂದೆ ಬೆಲೆ ಇದೆ.

ಪೀಣ್ಯದಿಂದ

ನಾನು ಒಪ್ಪುವುದಿಲ್ಲ. ಕಾಗದವಿಲ್ಲದ ಕಡೆ ದುಡಿದ ವರ್ಷವನ್ನು ಮುಂದೆ ರುಜುವಾತು ಮಾಡುವುದು ಹೇಗೆ? ಪಿಎಫ್ ಖಾತೆಯ ಯುಎಎನ್ ಸಂಖ್ಯೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ದಾಖಲಾಗುತ್ತವೆ. ನಾವು ಅನುಭವವನ್ನು ಪರಿಶೀಲಿಸುವುದು ಅದರಲ್ಲೇ. ಇಡೀ ₹12,000 ಮೇಲೆ ಲೆಕ್ಕ ಹಾಕಿದರೆ ಪಿಎಫ್‌ಗೆ ₹1,440, ಇಎಸ್‌ಐಗೆ ₹90 ಕಡಿತವಾಗಿ ಕೈಗೆ ₹10,470 ಬರುತ್ತದೆ. ಆದರೂ ಅದು ಹೆಚ್ಚೇ. ಇಎಸ್‌ಐ ಎಂದರೆ ನಿಮ್ಮ ಮೇಲೆ ಅವಲಂಬಿತರಾದ ತಾಯಿಗೂ ಚಿಕಿತ್ಸೆಯ ಸೌಲಭ್ಯ ಸಿಗುವ ಸಾಧ್ಯತೆ. ಸೇರುವ ದಿನವೇ ಅಮ್ಮನ ಹೆಸರನ್ನು ಕುಟುಂಬದ ವಿವರದಲ್ಲಿ ಸೇರಿಸಲು ಕೇಳಿ.

ಸಹ್ಯಾದ್ರಿ_ಅಕ್ಕ

ಆ ಕೊನೆಯ ಮಾತಿಗೆ ನನ್ನ ಒಪ್ಪಿಗೆ. ಅಮ್ಮನ ಔಷಧದ ಖರ್ಚು ಮೊದಲು.

ತುಂಗಭದ್ರೆ

ಬೀಜದ ಕಂಪನಿಗೆ ಒಪ್ಪಿಕೊಂಡೆ. ಹುಬ್ಬಳ್ಳಿಯ ಅಣ್ಣ ಬೇಸರ ಮಾಡಿಕೊಳ್ಳಬಾರದು. ಹಾರ್ಡ್‌ವೇರ್ ಕಾಕಾ ತಮ್ಮ ಪ್ರತಿ ತಿಂಗಳ ಬಿಲ್ಲುಗಳನ್ನು ಭಾನುವಾರ ನಾನೇ ನಮೂದಿಸಲಿ ಎಂದಿದ್ದಾರೆ, ಜಿಎಸ್‌ಟಿ ಕೈ ಬಿಡುವುದಿಲ್ಲ. ಒಂದನೇ ತಾರೀಖಿಗೆ ಸೇರಬೇಕು. ಅಲ್ಲಿ ಸ್ಟಾಕನ್ನು ಲಾಟ್ ಪ್ರಕಾರ ಇಡಬೇಕು ಎಂದರು. ನನ್ನ ಕೋರ್ಸಿನಲ್ಲಿ ಅದನ್ನು ಕಲಿಸಿಲ್ಲ. ಟ್ಯಾಲಿಯಲ್ಲಿ ಹೇಗೆ?

ಕಿರ್ದಿಖಾತೆ_ಹುಬ್ಬಳ್ಳಿ

ಬೇಸರವೇಕೆ ತಂಗಿ, ಒಳ್ಳೆಯದಾಗಲಿ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಭಾನುವಾರದ ಏರ್ಪಾಡು ಕೇಳಿ ಸಮಾಧಾನವಾಯಿತು.

ಲಾಟ್, ಅಂದರೆ ಒಂದೇ ಸಂಖ್ಯೆಯ ಸರಕಿನ ಗುಂಪನ್ನು ಟ್ಯಾಲಿ ಬ್ಯಾಚ್ ಎನ್ನುತ್ತದೆ. ಆ ಆಯ್ಕೆಯನ್ನು ಚಾಲೂ ಮಾಡಿ, ಆಮೇಲೆ ಆಯಾ ಸ್ಟಾಕ್ ಐಟಂನಲ್ಲೂ ಅದಕ್ಕೆ ‘ಹೌದು’ ಕೊಡಬೇಕು. ನಂತರ ಪ್ರತಿ ಖರೀದಿ, ಮಾರಾಟದ ನಮೂದಿನಲ್ಲಿ ಲಾಟ್ ಸಂಖ್ಯೆ ಕೇಳುತ್ತದೆ. ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕವನ್ನೂ ಹಾಕಬಹುದು. ಬೀಜಕ್ಕೆ ಆ ದಿನಾಂಕವೇ ಮುಖ್ಯ. ಮೊಳಕೆ ಪರೀಕ್ಷೆಯಾದ ದಿನದಿಂದ ಸಾಮಾನ್ಯವಾಗಿ ಒಂಬತ್ತು ತಿಂಗಳು ಮಾತ್ರ ಅದರ ಅವಧಿ. ಆದ್ದರಿಂದ ಬಿಲ್ ಹಾಕುವಾಗ ಹಳೆಯ ಲಾಟ್ ಮೊದಲು ಹೊರಡುವಂತೆ ನೋಡಿಕೊಳ್ಳಿ, ಡೀಲರ್ ವಾಪಸ್ ಕಳುಹಿಸಿದ ಚೀಲವನ್ನು ಅದೇ ಲಾಟ್ ಸಂಖ್ಯೆಗೇ ಜಮಾ ಮಾಡಿ. ಹೊಸ ಸಂಖ್ಯೆ ಕೊಟ್ಟರೆ ವರ್ಷದ ಕೊನೆಯಲ್ಲಿ ಗೋದಾಮಿನ ಎಣಿಕೆ ಕೂಡಿ ಬರುವುದಿಲ್ಲ. ಇಂದೇ ಶೈಕ್ಷಣಿಕ ಆವೃತ್ತಿಯಲ್ಲಿ ಎರಡು ಲಾಟ್ ಸೃಷ್ಟಿಸಿ, ಒಂದು ಮಾರಾಟ, ಒಂದು ವಾಪಸಾತಿ ಹಾಕಿ ನೋಡಿ. ಸಿಕ್ಕಿಹಾಕಿಕೊಂಡ ಕಡೆ ಇಲ್ಲಿ ಬರೆಯಿರಿ.